ಚೀಲಕ್ಕೆ ಜಾಗ ಕೊಡದ ಗಾಡಿ

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಂಥ ಊರಲ್ಲಿ ಸ್ಕೂಟರಿಗೆ ಮೊದಲ ಪರೀಕ್ಷೆ ಇಡುವುದು ಯೂರಿಯಾ ಚೀಲ. 45 ಕೆ.ಜಿ.ಯ ಆ ಚೀಲವನ್ನು ಆಕ್ಟಿವಾದ ಸಪಾಟು ಫುಟ್‌ಬೋರ್ಡಿನ ಮೇಲೆ ಅಡ್ಡ ಹಾಕಿ, ಕಾಲು ಹೊರಚಾಚಿ ಗೋವಿನಜೋಳದ ಹೊಲಕ್ಕೆ ಹೊರಟರಾಯಿತು. ಈ ಪರೀಕ್ಷೆಯಲ್ಲಿ ಮ್ಯಾಕ್ಸಿ ಸ್ಕೂಟರು, ಅಂದರೆ ದೊಡ್ಡ ಮೈಯ ಸ್ಕೂಟರು, ಫೇಲು.

ಯಾಕೆಂದರೆ ಅದರಲ್ಲಿ ಸವಾರನ ಕಾಲುಗಳ ನಡುವೆ ದಪ್ಪನೆಯ ದಿಂಡೊಂದು ಎದ್ದು ನಿಂತಿರುತ್ತದೆ. ಅದು ಬರೀ ಅಲಂಕಾರವಲ್ಲ. ಸಾದಾ ಸ್ಕೂಟರಿನ ಚಾಸಿ ಕಾಲಿಡುವ ಜಾಗದಲ್ಲಿ ಪೂರ್ತಿ ಕೆಳಗಿಳಿದು ಮತ್ತೆ ಮೇಲೇರಬೇಕು. ದಿಂಡಿದ್ದರೆ ಅಷ್ಟು ಬಾಗಬೇಕಿಲ್ಲ, ತಿರುವಿನಲ್ಲಿ ಗಾಡಿ ಬಿಗಿಯಾಗಿ ನಿಲ್ಲುತ್ತದೆ. 2021ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದ ಯಮಹಾ ಏರಾಕ್ಸ್ 155ರಲ್ಲಿ 5.5 ಲೀಟರಿನ ಪೆಟ್ರೋಲ್ ಟ್ಯಾಂಕ್ ಇರುವುದೂ ಈ ದಿಂಡಿನೊಳಗೇ. ಹೀಗಾಗಿ ಸೀಟಿನಡಿ 24.5 ಲೀಟರಿನ ಡಿಕ್ಕಿ ಉಳಿಯುತ್ತದೆ, ಬಂಕಿನಲ್ಲಿ ಸೀಟೆತ್ತುವ ಕೆಲಸವೂ ಇಲ್ಲ.

ಯುರೋಪಿನಲ್ಲಿ ಮಧ್ಯಮ ಗಾತ್ರದ ಮ್ಯಾಕ್ಸಿ ಎಂದರೆ 300–400 ಸಿಸಿ. ಅದೇ 2021ರಲ್ಲಿ ಬಂದ ಬಿಎಂಡಬ್ಲ್ಯು ಸಿ 400 ಜಿಟಿ ಆ ಸಾಲಿನದು; ಆಗ ಅದರ ಶೋರೂಂ ಬೆಲೆಯೇ 9.95 ಲಕ್ಷವಿತ್ತು! ಅದನ್ನು ಬದಿಗಿಡೋಣ. ಹಾವೇರಿ ಸೀಮೆಯ ಸಂಬಳದವರ ಕೈಗೆ ಎಟುಕಬಹುದಾದದ್ದು ಏರಾಕ್ಸ್.

ಅದರ ಎಂಜಿನ್ ಯಮಹಾದ್ದೇ ಆದ ಆರ್15 ಬೈಕಿನ ವಂಶದ್ದು. ತಂಪಿಗೆ ಗಾಳಿಯ ಬದಲು ಕೂಲಂಟ್, ನಾಲ್ಕು ವಾಲ್ವ್, 15 ಪಿಎಸ್ ಶಕ್ತಿ. ಸ್ವಾರಸ್ಯವಿರುವುದು ಕ್ಯಾಮ್‌ಶಾಫ್ಟಿನಲ್ಲಿ: ಒಳಗಾಳಿಯ ವಾಲ್ವುಗಳಿಗೆ ಎರಡು ಬಗೆಯ ಕ್ಯಾಮ್. 6,000 ಆರ್‌ಪಿಎಂವರೆಗೆ ಒಂದು, ಅದರಾಚೆ ಇನ್ನೊಂದು. ಪೇಟೆಯ ನಿಧಾನಕ್ಕೂ ಹೆದ್ದಾರಿಯ ಓವರ್‌ಟೇಕಿಗೂ ಒಂದೇ ಎಂಜಿನ್ ಸಾಕಾಗುವುದು ಹೀಗೆ.

ಗೇರಿಲ್ಲದ ಓಟ ಮಾತ್ರ ಹಳೆಯ ವಿದ್ಯೆ. 1984ರಲ್ಲೇ ಕೈನೆಟಿಕ್ ಹೋಂಡಾ ಅದನ್ನು ನಮಗೆ ಕಲಿಸಿತ್ತು. ವೇಗ ಏರಿದಂತೆ, ಗೇರಿನ ಬದಲಿರುವ ವೇರಿಯೇಟರಿನ ರೋಲರುಗಳು ಹೊರಕ್ಕೆ ಸರಿದು ಪುಲಿಯ ಎರಡು ಹೋಳುಗಳನ್ನು ಹತ್ತಿರ ಒತ್ತುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ. ರೋಲರ್ ಸವೆದು ಚಪ್ಪಟೆಯಾದರೆ ಪಿಕಪ್ ಹದಗೆಡುತ್ತದೆ. ಹಳೆ ಗಾಡಿ ನೋಡುವವರು ಬಣ್ಣಕ್ಕಿಂತ ಮೊದಲು ಬೆಲ್ಟ್, ರೋಲರ್ ಬದಲಿಸಿದ್ದು ಯಾವಾಗ ಎಂದು ಕೇಳಬೇಕು.

ಆದರೆ ಹಳ್ಳಿ ರಸ್ತೆಯಲ್ಲಿ ಎಂಜಿನ್ನಿಗಿಂತ ಹೆಚ್ಚು ದುಡಿಯುವುದು ಗಾಲಿ. ಆಕ್ಟಿವಾ 6ಜಿಗೆ ಮುಂದೆ 12, ಹಿಂದೆ 10 ಇಂಚಿನ ಗಾಲಿ. ಏರಾಕ್ಸಿಗೆ ಎರಡೂ 14. ಸಣ್ಣ ಗಾಲಿ ಗುಂಡಿಯೊಳಗೆ ಇಳಿಯುತ್ತದೆ, ದೊಡ್ಡದು ಅದರ ಅಂಚಿನ ಮೇಲೆ ಉರುಳಿ ದಾಟುತ್ತದೆ. ಏರಾಕ್ಸಿನ ಹಿಂದಿನ ಟೈರ್ 140 ಮಿ.ಮೀ. ಅಗಲ, ಹಲವು 150 ಸಿಸಿ ಬೈಕುಗಳಿಗೂ ಅಷ್ಟಿಲ್ಲ. 126 ಕೆ.ಜಿ.ಯ ಗಾಡಿಯನ್ನು ತಡೆಯಲು ಮುಂದೆ ಎಬಿಎಸ್ ಇರುವ ಡಿಸ್ಕ್, ಹಿಂದೆ ಡ್ರಮ್ಮೇ. ಹಿಂದೆಯೂ ಡಿಸ್ಕ್ ಕೊಡಬಹುದಿತ್ತು, ಇದು ಕಂಪನಿಯ ಜಿಪುಣತನ.

ನೆಲದಿಂದ ಎತ್ತರ 145 ಮಿ.ಮೀ. ಮಾತ್ರ. ಊರೂರಿಗೆ ಮನಬಂದಂತೆ ಎಬ್ಬಿಸಿದ ಹಂಪ್ಸ್ ಮೇಲೆ ಇಬ್ಬರು ಕೂತು ಹೋಗುವಾಗ ಹೊಟ್ಟೆ ತಾಗುವ ಭಯವಿದೆ. ಶೋರೂಮಿನ ಅಂಗಳದಲ್ಲಿ ಒಂದು ಸುತ್ತು ಹೊಡೆದರೆ ಇದು ತಿಳಿಯುವುದಿಲ್ಲ. ಟೆಸ್ಟ್ ರೈಡಿಗೆ ಹಿಂದೊಬ್ಬರನ್ನು ಕೂರಿಸಿಕೊಂಡು, ತಮ್ಮೂರ ಹಂಪ್ಸ್ ಮೇಲೆಯೇ ದಾಟಿಸಿ ನೋಡಬೇಕು.