ಮನೆಯಿಂದಲೇ ದೋಸೆ ಹುಯ್ಯುವ ನೌಕರ

2020ರ ಜೂನ್ 4ರಂದು ಕೇಂದ್ರ ಆರೋಗ್ಯ ಮಂತ್ರಾಲಯ ಕಚೇರಿ, ಹೋಟೆಲು, ಉಪಾಹಾರಗೃಹ, ಮಾಲ್, ಪೂಜಾಸ್ಥಳಗಳಿಗೆ ಒಂದೇ ದಿನ ಬೇರೆ ಬೇರೆ ಕೋವಿಡ್ ಮಾರ್ಗಸೂಚಿಗಳನ್ನು ಹೊರಡಿಸಿತು. ಆ ದಿನಗಳ ಬಗ್ಗೆ ಬರೆಯುವವರಲ್ಲಿ ಒಂದು ರೂಢಿ ಬೆಳೆದಿದೆ: ಲಾಕ್‌ಡೌನ್ ಹೇರಿದ ರೀತಿಯನ್ನು ಬೈಯುವುದು, ಆಮೇಲೆ ಬಂದ ಈ ಮಾರ್ಗಸೂಚಿಗಳನ್ನು ಮೆಚ್ಚಿಕೊಳ್ಳುವುದು. ಮೊದಲೇ ಕಾಯಿಲೆಯಿದ್ದ ನೌಕರನನ್ನು ಸರ್ಕಾರ ಹೆಸರಿಟ್ಟು ನೆನೆಯಿತಲ್ಲ, ಅಷ್ಟಾದರೂ ಮಾನವೀಯತೆ ತೋರಿಸಿತಲ್ಲ ಎಂಬುದು ಈ ಮೆಚ್ಚುಗೆಯ ಸಾರ. ಸಕ್ಕರೆ ಕಾಯಿಲೆಯ ನೌಕರನ ಕಡೆಯಿಂದ ಆ ಮಾರ್ಗಸೂಚಿಗಳನ್ನು ಓದಿದರೆ ಹೊಗಳಿಕೆಗೆ ಕಾರಣ ಸಿಗುವುದಿಲ್ಲ.

ಮಧುಮೇಹಿಗಳಿಗೆ ಕೋವಿಡ್ ಏಕೆ ಹೆಚ್ಚು ಅಪಾಯ ಎಂಬುದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. 2020ರ ಫೆಬ್ರುವರಿಯಲ್ಲೇ ಚೀನಾದ ಅಂಕಿಗಳು ಬಂದಿದ್ದವು: ಒಟ್ಟು ಸೋಂಕಿತರಲ್ಲಿ ಸತ್ತವರು ಶೇ 2.3, ಮಧುಮೇಹಿಗಳಲ್ಲಿ ಶೇ 7.3. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಾರ್ಚ್ 1ರಿಂದ ಮೇ 11ರವರೆಗೆ ಕೋವಿಡ್‌ನಿಂದ ಸತ್ತವರಲ್ಲಿ ಮೂರರಲ್ಲೊಂದು ಪಾಲು ಮಧುಮೇಹಿಗಳು. ನಮ್ಮಲ್ಲಿ 10.1 ಕೋಟಿ ಮಂದಿಗೆ ಈ ಕಾಯಿಲೆ ಇದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ದುಡಿಯುವ ವಯಸ್ಸಿನವರು ಇವರಲ್ಲಿ ಎಷ್ಟು ಮಂದಿ ಎಂಬುದು ಯಾವ ಕಚೇರಿಯ ಮಧ್ಯಾಹ್ನದ ಊಟದ ಮೇಜನ್ನು ನೋಡಿದರೂ ತಿಳಿಯುತ್ತದೆ.

ಎಲ್ಲರೂ ಹೊಗಳುವ ಆ ಭಾಗದಲ್ಲಿರುವುದು ಮೂರೇ ಮಾತು. ಹೆಚ್ಚು ಅಪಾಯವಿರುವ ನೌಕರರು, ಅಂದರೆ ವಯಸ್ಸಾದವರು, ಗರ್ಭಿಣಿಯರು, ಮೊದಲೇ ಕಾಯಿಲೆಯಿದ್ದವರು, ಹೆಚ್ಚಿನ ಎಚ್ಚರಿಕೆ ವಹಿಸಬೇಕು. ಸಾರ್ವಜನಿಕರೊಂದಿಗೆ ನೇರ ಸಂಪರ್ಕವಿರುವ ಮುಂಚೂಣಿ ಕೆಲಸಕ್ಕೆ ಅವರನ್ನು ಆದಷ್ಟೂ ಹಾಕಬಾರದು. ಸಾಧ್ಯವಿರುವ ಕಡೆ ಆಡಳಿತವು ಮನೆಯಿಂದ ಕೆಲಸ ಮಾಡಲು ಅನುಕೂಲ ಮಾಡಿಕೊಡಬೇಕು.

ಮೊದಲ ಮಾತಿನಲ್ಲಿ ಎಚ್ಚರಿಕೆಯ ಹೊರೆ ಬಿದ್ದಿರುವುದು ಕಾಯಿಲೆಯವನ ಮೇಲೆ. ಮಾಸ್ಕು, ಅಂತರ, ಕೈತೊಳೆಯುವುದನ್ನು ಅದೇ ಮಾರ್ಗಸೂಚಿ ಎಲ್ಲರಿಗೂ ಹೇಳಿಯಾಗಿದೆ. ಇನ್ನು ಇವನು ವಹಿಸಬೇಕಾದ 'ಹೆಚ್ಚಿನ' ಎಚ್ಚರಿಕೆ ಯಾವುದು? ಇನ್ಸುಲಿನ್ ತೆಗೆದುಕೊಳ್ಳುವವನಿಗೆ ಎಚ್ಚರಿಕೆ ಎಂದರೆ ಹೊತ್ತಿಗೆ ಸರಿಯಾಗಿ ಊಟ, ಆಗಾಗ ನೀರು, ನಡುವೆ ಒಮ್ಮೆ ಬೆರಳು ಚುಚ್ಚಿ ಶುಗರ್ ನೋಡಿಕೊಳ್ಳುವ ಬಿಡುವು, ಲೋ ಆಗಿ ಕೈ ನಡುಗಿದಾಗ ಬಾಯಿಗೆ ಸಕ್ಕರೆ ಹಾಕಿಕೊಂಡು ಹತ್ತು ನಿಮಿಷ ಕೂರುವ ಅವಕಾಶ. ಇವುಗಳಲ್ಲಿ ಒಂದೂ ನೌಕರನ ಕೈಯಲ್ಲಿಲ್ಲ. ಕೋವಿಡ್ ವಾರ್ಡಿನ ನರ್ಸಮ್ಮನನ್ನು ನೆನೆಯಿರಿ. ಪಿಪಿಇ ಒಳಗೆ ಸೇರಿಕೊಂಡರೆ ಪಾಳಿ ಮುಗಿಯುವವರೆಗೆ ನೀರಿಲ್ಲ, ತಿಂಡಿಯಿಲ್ಲ, ಶೌಚಾಲಯವಿಲ್ಲ. ಬೆಳಿಗ್ಗೆ ಇನ್ಸುಲಿನ್ ಹಾಕಿಕೊಂಡವಳಿಗೆ ಹನ್ನೊಂದರ ಹೊತ್ತಿಗೆ ಬೆವರು ಕಿತ್ತುಬಂದರೆ ಅದು ಪ್ಲಾಸ್ಟಿಕ್ ದಿರಿಸಿನ ಸೆಕೆಯೋ ಸಕ್ಕರೆ ಇಳಿದದ್ದೋ ತಿಳಿಯುವುದು ಹೇಗೆ? ಗ್ಲೂಕೋಮೀಟರ್ ಇರುವುದು ಹೊರಗೆ, ಬ್ಯಾಗಿನಲ್ಲಿ. ಅವಳಿಗೆ ಬೇಕಿದ್ದದ್ದು ಮೊಟಕುಗೊಳಿಸಿದ ಪಾಳಿ, ಇಲ್ಲವೇ ಬೇರೆ ವಾರ್ಡು. ಎರಡನ್ನೂ ಕೊಡಬಲ್ಲವರು ಮೇಲಿನವರು. ಮಾರ್ಗಸೂಚಿ ಮಾತಾಡಿದ್ದು ಅವಳಂಥ ಕಾಯಿಲೆಯವರೊಂದಿಗೆ.

ಎರಡನೆಯ ಮಾತಿನ ಪ್ರಕಾರ ಅಪಾಯ ಬರುವುದು ಗಿರಾಕಿಯಿಂದ ಮಾತ್ರ. ಗಿರಾಕಿಯ ಮುಖ ನೋಡದೆ ಒಳಗೇ ಇದ್ದರೆ ಬಚಾವು ಎಂಬ ನಂಬಿಕೆ ಅದರ ಹಿಂದಿದೆ. ನಮ್ಮ ಹೋಟೆಲುಗಳ ಒಳಗು ಹೇಗಿರುತ್ತದೆಂದು ಬರೆದವರಿಗೆ ಗೊತ್ತಿದ್ದಂತಿಲ್ಲ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ದುಡಿಯುವವರು, ರಾತ್ರಿ ಮಹಡಿಯ ಮೇಲೆ ಒಂದೇ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಸುವವರೂ ಅವರೇ. ಸಪ್ಲೈಯರನ್ನು ಗಿರಾಕಿಗಳ ನಡುವಿನಿಂದ ತೆಗೆದು ಒಳಗೆ ತರಕಾರಿ ಹೆಚ್ಚಲು ಕೂರಿಸಿದರೆ ಮಾಲೀಕರು ಮಾರ್ಗಸೂಚಿಯನ್ನು ಪಾಲಿಸಿದಂತಾಯಿತು. ಅವನ ಅಪಾಯ ಮಾತ್ರ ಇದ್ದಲ್ಲೇ ಇದೆ, ಟಿಪ್ಸು ಹೋಯಿತು.

ಮೂರನೆಯ ಮಾತಿನಲ್ಲಿ ಮಾರ್ಗಸೂಚಿಯ ಬಂಡವಾಳ ಬಯಲಾಗುತ್ತದೆ. ಕಚೇರಿಗಳಿಗೆ ಬರೆದ ಸಾಲನ್ನೇ 'ಆಡಳಿತ' ಎಂಬುದರ ಹಿಂದೆ ಸಂಸ್ಥೆಯ ಬಗೆ ಬದಲಿಸಿ ಉಪಾಹಾರಗೃಹಕ್ಕೂ ಮಾಲ್‌ಗೂ ಅಂಟಿಸಲಾಗಿದೆ. ಉಪಾಹಾರಗೃಹದ ಆಡಳಿತವು ಸಾಧ್ಯವಿರುವ ಕಡೆ ಮನೆಯಿಂದ ಕೆಲಸ ಮಾಡಲು ಅನುಕೂಲ ಮಾಡಿಕೊಡಬೇಕಂತೆ! ಕಾವಲಿಯ ಮುಂದೆ ನಿಲ್ಲುವವನು ಮನೆಯಿಂದಲೇ ದೋಸೆ ಹುಯ್ಯಬೇಕೆ? ಇದನ್ನು ಕೈತಪ್ಪು ಎಂದು ನಕ್ಕು ಬಿಟ್ಟುಬಿಡಬಹುದು. ನಾನು ಬಿಡಲಾರೆ. ಬರೆದವರ ಕಣ್ಣ ಮುಂದೆ ಇದ್ದವನು ಲ್ಯಾಪ್‌ಟಾಪಿನ ನೌಕರ ಒಬ್ಬನೇ ಎಂಬುದಕ್ಕೆ ಈ ಒಂದು ಸಾಲೇ ಸಾಕ್ಷಿ. ಲ್ಯಾಪ್‌ಟಾಪಿನವನು ಮಾರ್ಗಸೂಚಿ ಬರುವ ಮೊದಲೇ ಮನೆ ಸೇರಿದ್ದ.

ಇರಬೇಕಿದ್ದ ನಾಲ್ಕನೆಯ ಮಾತು ಇಲ್ಲವೇ ಇಲ್ಲ. ಆಡಳಿತ 'ಆಗುವುದಿಲ್ಲ' ಎಂದರೆ ಮುಂದೇನು? ಕಾರಣವನ್ನು ಬರೆದುಕೊಡಬೇಕೆ? ದೂರು ಯಾರಿಗೆ? ಮನೆಯಲ್ಲಿ ಉಳಿದವನಿಗೆ ಸಂಬಳ ಉಂಟೆ? ಪೂರ್ತಿ ಸಂಬಳ ಕೊಡಬೇಕೆಂದು ಮಾರ್ಚ್ 29ರಂದು ಹೊರಟಿದ್ದ ಗೃಹ ಮಂತ್ರಾಲಯದ ಆದೇಶ ಮೇ 18ಕ್ಕೇ ರದ್ದಾಗಿತ್ತು. ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿಕೊಳ್ಳಲಿ ಎಂದು ಸುಪ್ರೀಂ ಕೋರ್ಟು ಜೂನ್ 12ರಂದು ಹೇಳಿತು. ಕೇಂದ್ರ ಸರ್ಕಾರ ತನ್ನ ಸ್ವಂತ ನೌಕರರಿಗೆ ಮಾತ್ರ ಮೇ 19ರ ಸುತ್ತೋಲೆಯಲ್ಲಿ, ವೈದ್ಯರ ಚೀಟಿ ತಂದರೆ ಆದಷ್ಟೂ ಸರದಿ ಕೆಲಸದಿಂದ ಬಿಡಬಹುದು ಎಂದಿತ್ತು. ಚೀಟಿ, ಸರದಿ, ಬಿಡುವು ಎಲ್ಲವೂ ಅಲ್ಲಿ ಸ್ಪಷ್ಟ. ತನ್ನ ಗುಮಾಸ್ತರಿಗೆ ಬರೆಯುವಾಗ ಗೊತ್ತಿದ್ದ ಭಾಷೆ ಹೋಟೆಲಿನವನಿಗೆ ಬರೆಯುವಾಗ ಮರೆತುಹೋಯಿತು.

ಮಾಲೀಕರೂ ಸೋತಿದ್ದರು, ಸಂಬಳ ಎಲ್ಲಿಂದ ತರಬೇಕಿತ್ತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ತಿಂಗಳಿಗೆ 21,000 ರೂಪಾಯಿವರೆಗಿನ ಕಾರ್ಮಿಕರಿಂದಲೂ ಅವರ ಮಾಲೀಕರಿಂದಲೂ ವಂತಿಗೆ ಪಡೆಯುವ ಇಎಸ್‌ಐ ಇದೆಯಲ್ಲ? ಕಾಯಿಲೆ ಬಿದ್ದವರಿಗೆ ಅದು 91 ದಿನ ಶೇ 70ರಷ್ಟು ಕೂಲಿ ಕೊಡುತ್ತದೆ, ಕೋವಿಡ್ ಬಂದವರಿಗೂ ಕೊಟ್ಟಿತು. ಬಂದವರಿಗೆ! ಬಾರದಿರಲಿ ಎಂದು ಮನೆಯಲ್ಲಿ ಉಳಿದ ಮಧುಮೇಹಿಗೆ ಅಲ್ಲಿ ಬಾಗಿಲಿಲ್ಲ. ದೀರ್ಘಕಾಲದ ಸೌಲಭ್ಯಕ್ಕೆಂದು ಇಎಸ್‌ಐ ಮಾಡಿರುವ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹವೇನೋ ಇದೆ. ಆದರೆ ಕಣ್ಣಿನ ಪರದೆ, ಪಾದ ಅಥವಾ ಮೂತ್ರಪಿಂಡ ಕೆಟ್ಟ ಮೇಲಿನ ಮಧುಮೇಹ.

ಪತ್ರಿಕೆಗಳ ಆರೋಗ್ಯ ಅಂಕಣಕಾರರ ಮೇಲೂ ನನ್ನ ತಕರಾರಿದೆ. ಆ ಎರಡು ವರ್ಷ ಅವರು ಬರೆದದ್ದೆಲ್ಲ ಒಂದೇ ರಾಗ: ಶುಗರ್ ಹಿಡಿತದಲ್ಲಿಟ್ಟುಕೊಳ್ಳಿ, ಮಹಡಿಯ ಮೇಲೆ ನಡೆಯಿರಿ, ಅನ್ನ ಕಡಿಮೆ ಮಾಡಿ, ಮೆಂತ್ಯ ನೆನೆಸಿ ಕುಡಿಯಿರಿ. ಸಕ್ಕರೆ ಹಿಡಿತದಲ್ಲಿದ್ದರೆ ಅಪಾಯ ತಗ್ಗುತ್ತದೆ ಎಂಬುದು ನಿಜ, ಅದಕ್ಕೆ ಪುರಾವೆಯೂ ಇದೆ. ಆದರೆ ಹನ್ನೆರಡು ಗಂಟೆ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವನಿಗೆ, ಕ್ಯಾಂಟೀನ್ ಮುಚ್ಚಿದ್ದ ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ಈ ಉಪದೇಶದಿಂದ ಏನು ಸಿಕ್ಕಿತು? ಸಿಕ್ಕಿದ್ದು ಅಪರಾಧಿ ಭಾವ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಹರಡಿ ಆಂಫೊಟೆರಿಸಿನ್‌ಗೆ ಜನ ಪರದಾಡುವಾಗಲೂ ಹಲವರು ಬೆರಳು ತೋರಿದ್ದು ರೋಗಿಯ ಪಥ್ಯದತ್ತಲೇ. ಸ್ಟೀರಾಯ್ಡ್ ಕೊಟ್ಟವರು, ಕೊಟ್ಟ ಮೇಲೆ ಸಕ್ಕರೆ ಎಷ್ಟೇರಿತೆಂದು ನೋಡದವರು ಆ ಬರಹಗಳಲ್ಲಿ ಅಪರೂಪಕ್ಕೆ ಇಣುಕಿದರು. ಮಾರ್ಗಸೂಚಿಯ ಮೊದಲ ಮಾತನ್ನೇ ಈ ಅಂಕಣಗಳು ವಾರವಾರ ಹಿಗ್ಗಿಸಿ ಬರೆದವು.

ಇನ್ನೊಂದು ಗುಂಪು ಕಾನೂನು ಬಲ್ಲವರದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಇಪ್ಪತ್ತೊಂದರ ಪಟ್ಟಿಗೆ ಮಧುಮೇಹವನ್ನೂ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಇವರು ವಾದಿಸುತ್ತಾರೆ. ಅಮೆರಿಕವನ್ನು ತೋರಿಸುತ್ತಾರೆ, ಅಲ್ಲಿನ ಅಂಗವಿಕಲರ ಕಾಯಿದೆಯ 2008ರ ತಿದ್ದುಪಡಿಯ ಬಳಿಕ ಮಧುಮೇಹಿಗೆ ಆ ರಕ್ಷಣೆ ಸುಲಭವಾಗಿ ಸಿಗುತ್ತದೆ, ಕೆಲಸದಲ್ಲಿ ಏನು ಹೊಂದಾಣಿಕೆ ಬೇಕೆಂದು ಮಾಲೀಕ ಕೂತು ಮಾತಾಡಬೇಕಾಗುತ್ತದೆ. ಆದರೆ ಇಲ್ಲಿ ಆ ಕಾಯಿದೆಯ ಬಹುಪಾಲು ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕು, ಶೇಕಡಾ ಲೆಕ್ಕ ಬೇಕು. ತಾನು ಕೆಲಸಕ್ಕೆ ಸಮರ್ಥ ಎಂದು ತೋರಿಸಿಕೊಳ್ಳಲು ವರ್ಷಗಟ್ಟಲೆ ಕಾಯಿಲೆ ಮುಚ್ಚಿಟ್ಟವನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಹೇಳಿಕೊಂಡರೆ ಬಡ್ತಿ ತಪ್ಪುತ್ತದೆ, ಗುತ್ತಿಗೆ ನವೀಕರಣವಾಗುವುದಿಲ್ಲ ಎಂಬ ಭಯ ಅವನಿಗೆ. ಹೇಳಿಕೊಂಡವನ ಗುಟ್ಟು ಕಾಯುತ್ತೇವೆ ಎಂಬ ಅಭಯ ಮಾರ್ಗಸೂಚಿಯಲ್ಲೂ ಇರಲಿಲ್ಲ.

ಇದಕ್ಕಿಂತ ಒಳ್ಳೆಯ ಮಾದರಿ ನಮ್ಮಲ್ಲೇ ಇತ್ತು. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆ, ಕಾಯಿಲೆಯನ್ನು ಹೇಳಿಕೊಳ್ಳುವಂತೆ ಬಲವಂತ ಮಾಡುವುದನ್ನು ತಡೆಯುತ್ತದೆ. ಕೆಲಸದಿಂದ ತೆಗೆಯುವ ಮಾಲೀಕ ಎರಡು ಕಾಗದ ಕೊಡಬೇಕು: ಸ್ವತಂತ್ರ ವೈದ್ಯರ ಲಿಖಿತ ಅಭಿಪ್ರಾಯ ಒಂದು, ಕೆಲಸದಲ್ಲಿ ಹೊಂದಾಣಿಕೆ ಮಾಡಿಕೊಡಲು ತನಗೇನು ಕಷ್ಟ ಎಂಬ ಲಿಖಿತ ವಿವರಣೆ ಇನ್ನೊಂದು. ನೂರು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು. ಮಾರ್ಗಸೂಚಿ ಬರೆದ ಆರೋಗ್ಯ ಮಂತ್ರಾಲಯದ್ದೇ ಕಾಯಿದೆ ಇದು. ನಾಲ್ಕನೆಯ ಮಾತಿಗಾಗಿ ಅವರು ಬೇರೆ ದೇಶಕ್ಕೆ ಹೋಗಬೇಕಾಗಿರಲಿಲ್ಲ.

ಸರ್ಕಾರಕ್ಕೆ ಕರಾರುವಾಕ್ಕಾಗಿ ಬರೆಯಲು ಬರುವುದಿಲ್ಲ ಎಂದೇನೂ ಅಲ್ಲ. 2021ರ ಮಾರ್ಚ್ 1ರಂದು 45ರಿಂದ 59ರ ವಯಸ್ಸಿನ ಕಾಯಿಲೆಯವರಿಗೆ ಲಸಿಕೆ ಆರಂಭಿಸಿದಾಗ ಇಪ್ಪತ್ತು ಸ್ಥಿತಿಗಳ ಪಟ್ಟಿ ಕೊಟ್ಟಿತು. ಬರಿಯ ಮಧುಮೇಹ ಸಾಲದು. ಹತ್ತು ವರ್ಷಕ್ಕಿಂತ ಹಳೆಯದಾಗಿರಬೇಕು ಅಥವಾ ತೊಡಕುಗಳಿರಬೇಕು, ಜತೆಗೆ ಚಿಕಿತ್ಸೆಯಲ್ಲಿರುವ ಬಿಪಿಯೂ ಇರಬೇಕು, ವೈದ್ಯರ ಸಹಿ ಬೇಕು. ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ಲಸಿಕೆ ತೆರೆದು ಪಟ್ಟಿ ಕಸದ ಬುಟ್ಟಿ ಸೇರಿತು. ರೋಗಿಯನ್ನು ಬಾಗಿಲಲ್ಲಿ ತಡೆಯುವಾಗ ಇಷ್ಟು ಬಿಗಿ, ಮಾಲೀಕನಿಗೆ ಹೇಳುವಾಗ ಅಷ್ಟು ಸಡಿಲ.

ಮಾರ್ಗಸೂಚಿಯ ಪರವಾಗಿ ಹೇಳಬಹುದಾದದ್ದನ್ನೂ ಹೇಳಿಬಿಡುತ್ತೇನೆ. ಖಾಸಗಿ ಸಂಸ್ಥೆಗಳ ಬಾಗಿಲಿಗೆ ಅಂಟಿದ ಕಾಗದದಲ್ಲಿ ಮೊದಲೇ ಕಾಯಿಲೆಯಿದ್ದ ನೌಕರನ ಪ್ರಸ್ತಾಪ ಬಂದದ್ದು ಸಣ್ಣ ಸಂಗತಿಯಲ್ಲ. ಒಳ್ಳೆಯ ಮಾಲೀಕರಿಗೆ ಅದು ಆಸರೆಯಾಗಿರಲೂಬಹುದು. ಒಳ್ಳೆಯ ಮಾಲೀಕರಿದ್ದ ಕಡೆ ಅದು ಬೇಕಾಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮುಂದಿನ ಸಲ ಇಂಥದ್ದನ್ನು ಬರೆಯಲು ಕೂರುವವರು ದಯವಿಟ್ಟು ಆ ಮೂರು ಸಾಲನ್ನು ನಕಲು ಮಾಡಬೇಡಿ. 'ಆಗುವುದಿಲ್ಲ' ಎನ್ನುವ ಆಡಳಿತ ಏಳು ದಿನದೊಳಗೆ ಕಾರಣವನ್ನು ಬರೆದುಕೊಡಲಿ. ಮನೆಯಲ್ಲಿ ಉಳಿಯಲೇಬೇಕಾದವನಿಗೆ ಕಾಯಿಲೆ ಬೀಳುವ ಮೊದಲೇ ಇಎಸ್‌ಐ ಕೂಲಿ ಕೊಡಲಿ. ಅವನು ಹೇಳಿಕೊಂಡದ್ದು ಅವನ ಕಡತದಿಂದ ಹೊರಗೆ ಹೋಗದಿರಲಿ. ಇಎಸ್‌ಐ ನಿಯಮ ತಿದ್ದಲು ಇನ್ನೊಂದು ಸಾಂಕ್ರಾಮಿಕ ಬರಬೇಕಾಗಿಲ್ಲ.