ಬರಹವಿಲ್ಲದವರ ಅರಿವು ಯಾರ ಸ್ವತ್ತು?

ವಿಮರ್ಶೆ ಎಂದರೆ ಕಥೆ, ಕವಿತೆ, ಕಾದಂಬರಿಗಳ ಬಗ್ಗೆ ಬರೆಯುವುದು ಅಂತ ನಮ್ಮ ಕಾಲೇಜುಗಳು ಕಲಿಸಿಕೊಟ್ಟಿವೆ. ಜನರ ಅನ್ನ, ನೆಲ, ರೋಗ ರುಜಿನಗಳ ಹಣೆಬರಹವನ್ನು ತೀರ್ಮಾನ ಮಾಡುವ ಬರಹಗಳು ಬೇರೆಯೇ ಇವೆ. ಪಹಣಿ ಒಂದು ಬರಹ. ಸರ್ಕಾರಿ ಆದೇಶ ಒಂದು ಬರಹ. ಇವು ವಿಮರ್ಶಕರ ಕಣ್ಣಿಗೆ ಬೀಳುವುದಿಲ್ಲ. ಈ ಸಲ ನಾವು ಅಂಥದೇ ಒಂದು ಬರಹವನ್ನು ಓದಲು ಹೊರಟಿದ್ದೇವೆ. ಅದರ ಹೆಸರು ಪೇಟೆಂಟು. ಅದರಲ್ಲೂ ಮನುಷ್ಯರ ಮೈಗೆ, ರಕ್ತಕ್ಕೆ, ಗಾಯಕ್ಕೆ ಸಂಬಂಧಪಟ್ಟ ಶೋಧಗಳ ಮೇಲೆ ವಿಶ್ವವಿದ್ಯಾನಿಲಯಗಳು ಬರೆಸಿಕೊಳ್ಳುವ ಪೇಟೆಂಟು. ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿಯ ಕಾಗದ ಕಂಡವರು ನಾವು. ಇಂಥ ಕಾಗದಗಳನ್ನು ನಾವು ಓದದಿದ್ದರೆ ಇನ್ಯಾರು ಓದಬೇಕು?

ಪೇಟೆಂಟಿಗೂ ಒಂದು ಕಟ್ಟು ಇದೆ. ಮೊದಲು ಶೋಧದ ಹೆಸರು. ಆಮೇಲೆ ಕಂಡುಹಿಡಿದವರು ಯಾರು, ಒಡೆಯರು ಯಾರು ಎಂಬುದು. ಕಂಡುಹಿಡಿದವರು ಪ್ರಾಧ್ಯಾಪಕರು ಮತ್ತು ಅವರ ವಿದ್ಯಾರ್ಥಿಗಳು. ಒಡೆತನ ಸಾಮಾನ್ಯವಾಗಿ ಸಂಸ್ಥೆಯದು. ಆಮೇಲೆ ಈ ವಿಷಯದಲ್ಲಿ ಜಗತ್ತಿಗೆ ಮೊದಲೇ ಏನು ಗೊತ್ತಿತ್ತು ಎಂಬ ಪೂರ್ವಕಥೆ, ಅದರ ಬೆನ್ನಿಗೆ ವಿವರಣೆ. ಕೊನೆಗೆ ನಂಬರು ಹಾಕಿದ ಕ್ಲೇಮುಗಳು, ಅಂದರೆ ಹಕ್ಕೊತ್ತಾಯಗಳು. ಇಷ್ಟು ಜಾಗ ನಮ್ಮದು, ಇಪ್ಪತ್ತು ವರ್ಷ ನಮ್ಮ ಅಪ್ಪಣೆ ಇಲ್ಲದೆ ಇದರೊಳಗೆ ಯಾರೂ ಕಾಲಿಡಬಾರದು ಅಂತ ಹಾಕಿದ ಬೇಲಿ ಅದು. ಹೊಲಕ್ಕೆ ಬೇಲಿ ಬೀಳುವುದನ್ನು ಹೊರಗೆ ನಿಂತು ನೋಡಿದವರ ಮಕ್ಕಳು ನಾವು. ಈ ಬರಹದ ವ್ಯಾಕರಣ ನಮಗೆ ಬೇಗ ತಿಳಿಯುತ್ತೆ.

ಎಲ್ಲರಿಗೂ ಗೊತ್ತಿರುವ ಒಂದು ಮೊಕದ್ದಮೆಯಿಂದ ಶುರು ಮಾಡೋಣ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟು ಸಿಕ್ಕಿತು. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನ ಅದರ ವಸ್ತು. ಕುಡುಗೋಲು ತಾಗಿದ ಬೆರಳಿಗೆ ಅರಿಶಿನ ಮೆತ್ತಿದ ಪ್ರತಿ ಅವ್ವನೂ ಆವತ್ತು ಅಮೆರಿಕದ ಕಾನೂನಿನ ಕಣ್ಣಲ್ಲಿ ಏನೂ ಗೊತ್ತಿಲ್ಲದವಳಾದಳು. 1996ರಲ್ಲಿ ನಮ್ಮ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟು ರದ್ದಾಯಿತು. ಪತ್ರಿಕೆಗಳು ಇದನ್ನು ದೇಶದ ಗೆಲುವು ಅಂತ ಬರೆದವು. ಗೆಲುವು ನಿಜ. ಆದರೆ ಗೆದ್ದಿದ್ದು ಹೆಂಗೆ ಅಂತ ಕೇಳಬೇಕಲ್ಲ?

ಸಿಎಸ್‌ಐಆರ್ ಮುಂದಿಟ್ಟಿದ್ದು ಮೂವತ್ತಕ್ಕೂ ಹೆಚ್ಚು ಲಿಖಿತ ದಾಖಲೆಗಳನ್ನು. ಅದರಲ್ಲಿ ಹಳೆಯ ಸಂಸ್ಕೃತ ಪಾಠವಿತ್ತು, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾದ ಲೇಖನವಿತ್ತು. ಅವ್ವಂದಿರ ಕೈ ಅದರಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಅವರ ನಾಡಿನೊಳಗೆ ಜನ ಬಳಸುತ್ತಿದ್ದ ತಿಳುವಳಿಕೆ ಲೆಕ್ಕಕ್ಕೆ ಬರುತ್ತಿತ್ತು; ಪರದೇಶದ್ದಾದರೆ ಅದು ಅಚ್ಚಾಗಿರಬೇಕು ಇಲ್ಲವೇ ಪೇಟೆಂಟಾಗಿರಬೇಕು. ಕೋಟ್ಯಂತರ ಜನ ನೂರಾರು ವರ್ಷ ಮಾಡುತ್ತಾ ಬಂದಿದ್ದರೂ ಅದನ್ನು ಯಾರೂ ಬರೆದಿಟ್ಟಿಲ್ಲದಿದ್ದರೆ ಅದು ಇಲ್ಲವೇ ಇಲ್ಲ.

ಇಲ್ಲೇ ನಮ್ಮ ಪ್ರಶ್ನೆ ಹುಟ್ಟುವುದು. ಈ ನೆಲದಲ್ಲಿ ಬರೆಯುವ ಹಕ್ಕು ಯಾರಿಗಿತ್ತು? ಅಕ್ಷರವನ್ನು ಮುಟ್ಟಗೊಡದೆ ದೂರ ಇಟ್ಟ ಜನರನ್ನು, ನಿಮ್ಮ ಅರಿವಿಗೆ ಬರಹದ ಸಾಕ್ಷಿ ಎಲ್ಲಿ ಅಂತ ಕೇಳುವುದು ಎಂಥ ನ್ಯಾಯ? ಅರಿಶಿನಕ್ಕೆ ಸಂಸ್ಕೃತದ ಬೆಂಬಲ ಸಿಕ್ಕಿತು, ಬಚಾವಾಯಿತು. ನಮ್ಮ ಸರ್ಕಾರ 2001ರಿಂದ ಕಟ್ಟಿದ ಪಾರಂಪರಿಕ ಜ್ಞಾನದ ಡಿಜಿಟಲ್ ಭಂಡಾರವೂ ಮೊದಲು ಕೈಹಾಕಿದ್ದು ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳಿಗೆ. ಗ್ರಂಥ ಇರುವ ಅರಿವಿಗೆ ಕಾವಲು ಬಂತು. ಹಟ್ಟಿಯ, ಕೇರಿಯ, ಕಾಡಿನ ಬಾಯಿಮಾತಿನ ಅರಿವು ಬೇಲಿ ಇಲ್ಲದ ಬಯಲಲ್ಲೇ ಉಳಿಯಿತು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ನೆನೆಯೋಣ. ಓದುಬರಹ ಕಲಿಯದ ತಾಯಿ. ದುಡ್ಡು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅಂತ ನಾಡು ಹೇಳುತ್ತೆ. ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಶಾಲು ಹೊದಿಸಲು ವಿಶ್ವವಿದ್ಯಾನಿಲಯಗಳಿಗೆ ಗೊತ್ತು. ಆದರೆ ಆ ತಾಯಿಯ ಬೆರಳಿಗೆ ಏನು ಗೊತ್ತಿತ್ತು ಎಂಬುದನ್ನು ಅರಿವು ಅಂತ ಕರೆಯಲು, ಆ ಹೆಸರಿನಲ್ಲಿ ಒಂದು ಪುಟ ಬರೆದು ಪೂರ್ವಕಥೆಯ ಜಾಗದಲ್ಲಿ ಕೂರಿಸಲು ಪೇಟೆಂಟಿನ ಕಾಗದದಲ್ಲಿ ಖಾನೆಯೇ ಇಲ್ಲ. ಮೇಷ್ಟ್ರ ಅರಿವು ಸ್ವತ್ತಾಗುತ್ತೆ, ಸೂಲಗಿತ್ತಿಯ ಅರಿವು ಸೇವೆಯಾಗುತ್ತೆ. ಸ್ವತ್ತಿಗೆ ರಾಯಧನ, ಸೇವೆಗೆ ಶಾಲು. ಜಾತಿ ಅಂದರೆ ಇದಲ್ಲದೆ ಇನ್ನೇನು?

ನಮ್ಮ ದೇಶದ ಕಾನೂನು ಒಂದು ಹೆಜ್ಜೆ ಮುಂದಿದೆ ಎಂಬುದನ್ನೂ ಹೇಳಬೇಕು. ಪೇಟೆಂಟು ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಒಂದು ಸಮುದಾಯಕ್ಕೆ ಬಾಯಿಮಾತಿನಲ್ಲಿ ಗೊತ್ತಿದ್ದ ಸಂಗತಿಯಾದರೂ ಸರಿ, ಅದನ್ನು ಮುಂದಿಟ್ಟು ಪೇಟೆಂಟಿಗೆ ತಕರಾರು ಹಾಕಬಹುದು. ಬಾಯಿಮಾತು ಎಂಬ ಪದ ಕಾನೂನಿನೊಳಗೆ ಬಂದಿದ್ದು ಸಣ್ಣ ಸಂಗತಿಯಲ್ಲ. ಆದರೆ ತಕರಾರು ಹಾಕಬೇಕಾದರೆ ಇಂಥ ದಿನ ಇಂಥ ಅರ್ಜಿ ಪ್ರಕಟವಾಗಿದೆ ಅಂತ ಗೊತ್ತಾಗಬೇಕು, ಅದರ ಇಂಗ್ಲಿಷು ಬಿಡಿಸಿ ಹೇಳುವವರು ಬೇಕು, ವಕೀಲರು ಬೇಕು. ಬಾಗಿಲು ತೆಗೆದಿದ್ದಾರೆ, ಮೆಟ್ಟಿಲು ಕಟ್ಟಿಲ್ಲ.

ಈಗ ನಮ್ಮೂರಿಗೆ ಬರೋಣ. ನಾವು ಇದನ್ನು ಬರೆಯುತ್ತಿರುವುದು ಕೋಣನಕುಂಟೆಯಿಂದ. ಹೆಸರೇ ಹೇಳುವಂತೆ ಕೋಣ ನೀರು ಕುಡಿಯುವ ಕುಂಟೆಯ ಊರು. ಈಗ ಬೆಂಗಳೂರಿನ ಹೊಟ್ಟೆಯೊಳಗಿದೆ. 2021ರಿಂದ ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ನಿಲ್ಲುತ್ತೆ. ಅದೇ ಹಸಿರು ಮಾರ್ಗದಲ್ಲಿ ಕೂತರೆ ಬಂಡಿ ಬದಲಿಸದೆ ಯಶವಂತಪುರದಲ್ಲಿ ಇಳಿಯಬಹುದು. ಅಲ್ಲಿಂದ ಟಾಟಾ ಇನ್ಸ್ಟಿಟ್ಯೂಟು ಹತ್ತಿರ. ಹಳಬರು ಹಾಗೇ ಕರೆಯುತ್ತಾರೆ. ಕಾಗದದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. 1909ರಲ್ಲಿ ಹುಟ್ಟಿದ ಅದಕ್ಕೆ ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತ್ತು. ಇವತ್ತು ಅದು ನಡೆಯುವುದು ಬಹುಪಾಲು ಸರ್ಕಾರದ ಹಣದಲ್ಲಿ, ಅಂದರೆ ಬೆಂಕಿಪೊಟ್ಟಣ ಕೊಳ್ಳುವವರೂ ಕಟ್ಟುವ ತೆರಿಗೆಯಲ್ಲಿ.

ಅಲ್ಲಿ ನವಕಾಂತ ಭಟ್ಟರ ಗುಂಪಿನ ಸಂಶೋಧನೆಯಿಂದ ಸಕ್ಕರೆ ಕಾಯಿಲೆ ಅಳೆಯುವ ಒಂದು ಸಾಧನ ಬಂದಿದೆ. ಅದನ್ನು ಮಾರುಕಟ್ಟೆಗೆ ತರಲು 2015ರಲ್ಲಿ ಪಾತ್‌ಶೋಧ್ ಎಂಬ ಕಂಪನಿ ಸಂಸ್ಥೆಯ ಆಸರೆಯಲ್ಲೇ ಹುಟ್ಟಿತು. ಅಂಗೈಯಲ್ಲಿ ಹಿಡಿಯುವಂಥ ಪೆಟ್ಟಿಗೆ. ರಾಸಾಯನಿಕ ಹಚ್ಚಿದ ಪಟ್ಟಿಯ ಮೇಲೆ ಬೆರಳ ತುದಿಯ ರಕ್ತದ ಹನಿ ಬಿಟ್ಟರೆ ಹುಟ್ಟುವ ಸಣ್ಣ ವಿದ್ಯುತ್ ಪ್ರವಾಹವನ್ನು ಅಳೆದು ಲೆಕ್ಕ ಹೇಳುತ್ತೆ. ಆ ಹೊತ್ತಿನ ಸಕ್ಕರೆ ಮಾತ್ರವಲ್ಲ, ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆ, ರಕ್ತದ ಆಲ್ಬುಮಿನ್ನಿಗೆ ಅಂಟಿದ ಸಕ್ಕರೆ, ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು, ಇವನ್ನೂ ಹೇಳುತ್ತೆ.

ಇದು ನಮಗೆ ಯಾಕೆ ಮುಖ್ಯ ಅಂತ ಕೇಳಿ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅಷ್ಟೂ ದಿನ ರಕ್ತದ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತೆ. ಸಾಹುಕಾರನ ಬಡ್ಡಿ ಪುಸ್ತಕದ ಹಾಗೆ ಅದು ಮೂರು ತಿಂಗಳ ಲೆಕ್ಕ ಇಟ್ಟಿರುತ್ತೆ. ಡಾಕ್ಟರು ಬರೆದುಕೊಡುವ ದೊಡ್ಡ ಪರೀಕ್ಷೆ ಅದೇ. ಆದರೆ ರಕ್ತವೇ ಕಮ್ಮಿ ಇದ್ದವರಲ್ಲಿ ಆ ಪುಸ್ತಕ ಸುಳ್ಳು ಲೆಕ್ಕ ತೋರಿಸಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಬೆಳಗಿನ ಜಾವ ಬೀದಿ ಗುಡಿಸುವವರು, ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ಉಜ್ಜುವವರು ಇವರೊಳಗೇ ಇದ್ದಾರೆ. ಆಲ್ಬುಮಿನ್ನಿನ ಲೆಕ್ಕಕ್ಕೆ ಕೆಂಪು ಕಣದ ಹಂಗಿಲ್ಲ. ಎರಡನ್ನೂ ಒಟ್ಟಿಗೆ ನೋಡುವ ಸಾಧನ ಯಾರಿಗಾದರೂ ಬೇಕಾಗಿದ್ದರೆ ಅದು ಮೊದಲು ಬೇಕಾದದ್ದು ಈ ಹೆಂಗಸರಿಗೆ. ಶೋಧ ದೊಡ್ಡದು. ಅದನ್ನು ಮಾಡಿದ ವಿಜ್ಞಾನಿಗಳಿಗೆ ನಮ್ಮ ನಮಸ್ಕಾರ.

ಹಾಗಾದರೆ ನಮ್ಮ ಜಗಳ ಯಾರ ಜೊತೆ? ಪೇಟೆಂಟು ಅಂದರೇ ಶತ್ರು ಅಂತ ಕೂಗಿ ಮನೆಗೆ ಹೋಗುವುದು ಸುಲಭ. ಅದು ಪೂರ್ತಿ ನಿಜವಲ್ಲ. ಪೇಟೆಂಟು ಬೇಕಾದವರು ತಮ್ಮ ಗುಟ್ಟನ್ನು ಬಿಡಿಸಿ ಬರೆಯಲೇಬೇಕು. ಆ ಕಸುಬು ಬಲ್ಲವರು ಓದಿ ಮಾಡುವಂತಿರಬೇಕು. ಇಪ್ಪತ್ತು ವರ್ಷ ಕಳೆದರೆ ಬೇಲಿ ಬೀಳುತ್ತೆ, ಎಲ್ಲರ ಸ್ವತ್ತಾಗುತ್ತೆ. ಜಾತಿಯ ಬೇಲಿಗೆ ಇಂಥ ಕೊನೆಯ ದಿನಾಂಕ ಯಾರೂ ಬರೆದಿರಲಿಲ್ಲ. ಪುರೋಹಿತಶಾಹಿ ತನ್ನ ವಿದ್ಯೆಯನ್ನು ಎರಡು ಸಾವಿರ ವರ್ಷವಾದರೂ ಬಿಡಿಸಿ ಹೇಳಲಿಲ್ಲ. ಆ ಲೆಕ್ಕದಲ್ಲಿ ಪೇಟೆಂಟು ಮೇಲು. ಆದರೆ ಕಾಯಿಲೆ ಇಪ್ಪತ್ತು ವರ್ಷ ಕಾಯುವುದಿಲ್ಲ. ಕಾಲು ಕೊಳೆತವಳಿಗೆ ಇಪ್ಪತ್ತೊಂದನೇ ವರ್ಷದ ಬಿಡುಗಡೆಯಿಂದ ಏನು ಬಂತು?

ಜಗಳ ಇರುವುದು ಪೇಟೆಂಟಾದ ಮೇಲೆ ನಡೆಯುವ ಕರಾರಿನ ಬಗ್ಗೆ. ಸಾರ್ವಜನಿಕ ಹಣದಲ್ಲಿ ನಡೆಯುವ ವಿಶ್ವವಿದ್ಯಾನಿಲಯ ತನ್ನ ಪೇಟೆಂಟನ್ನು ಕಂಪನಿಗೆ ಕೊಡುವಾಗ, ಸರ್ಕಾರಿ ಆಸ್ಪತ್ರೆಗೆ ಇಂತಿಷ್ಟೇ ಬೆಲೆಗೆ ಕೊಡಬೇಕು ಅಂತ ಷರತ್ತು ಹಾಕಲೇಬೇಕೆಂದು ಯಾವ ಕಾನೂನು ಹೇಳುತ್ತೆ? ಅಮೆರಿಕದ 1980ರ ಬೇ-ಡೋಲ್ ಕಾನೂನಿನ ಮಾದರಿಯ ಮಸೂದೆಯೊಂದನ್ನು 2008ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದರು. ಸಂಸ್ಥೆಗಳು ಪೇಟೆಂಟು ಮಾಡಿ ದುಡ್ಡು ಮಾಡಲಿ ಎಂಬುದೇ ಅದರ ಜೀವ. 2014ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಜನರ ಪರವಾದ ಮಸೂದೆ ಅದರ ಜಾಗಕ್ಕೆ ಬರಲಿಲ್ಲ. 2021ರಲ್ಲಿ ವಿದ್ಯಾಸಂಸ್ಥೆಗಳಿಗೆ ಪೇಟೆಂಟು ಶುಲ್ಕವನ್ನು ಶೇಕಡಾ 80ರಷ್ಟು ಇಳಿಸಿದರು. ಕಾಲೇಜುಗಳ ರ್‍ಯಾಂಕಿಂಗಿನಲ್ಲಿ ಪೇಟೆಂಟಿಗೂ ಅಂಕ ಉಂಟು. ಎಷ್ಟು ಪೇಟೆಂಟು ಅಂತ ಎಣಿಸುತ್ತಾರೆ. ಎಷ್ಟು ಜನರಿಗೆ ಮುಟ್ಟಿತು ಅಂತ ಎಣಿಸುವ ಖಾನೆ ಎಲ್ಲಿದೆ?

ಷರತ್ತು ಹಾಕಿದರೆ ಶೋಧವೇ ನಿಂತುಹೋಗುತ್ತೆ ಅಂತ ಹೆದರಿಸುವವರಿದ್ದಾರೆ. ಅವರಿಗೆ ಎರಡು ಸಂಗತಿ ಹೇಳೋಣ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ಒಂದೊಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಇನ್ನೊಂದು ಏಡ್ಸ್ ಔಷಧಿಯ ಕಥೆ. ಸ್ಟಾವುಡಿನ್ ಎಂಬ ಔಷಧಿಯ ಪೇಟೆಂಟು ಯೇಲ್ ವಿಶ್ವವಿದ್ಯಾನಿಲಯದ್ದು. ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಗೆ ಕೊಟ್ಟಿತ್ತು. ದಕ್ಷಿಣ ಆಫ್ರಿಕಾದಲ್ಲಿ ಜನ ಸಾಯುತ್ತಿದ್ದರು. 2001ರಲ್ಲಿ ಯೇಲ್‌ನ ವಿದ್ಯಾರ್ಥಿಗಳೇ ತಮ್ಮ ವಿಶ್ವವಿದ್ಯಾನಿಲಯದ ವಿರುದ್ಧ ಎದ್ದು ನಿಂತರು, ಔಷಧಿ ಕಂಡ ವಿಜ್ಞಾನಿ ಪ್ರುಸಾಫ್ ಅವರ ಜೊತೆಗೆ ದನಿಗೂಡಿಸಿದರು. ಅದೇ ವರ್ಷ ಕಂಪನಿ ಅಲ್ಲಿ ಪೇಟೆಂಟು ಚಲಾಯಿಸುವುದಿಲ್ಲ ಅಂತ ಒಪ್ಪಿತು. ಕರಾರು ದೇವರು ಬರೆದದ್ದಲ್ಲ. ವಿದ್ಯಾರ್ಥಿಗಳು ಕೂಗಿದರೆ ಅದು ಬದಲಾಗುತ್ತೆ.

ಇನ್ನೊಂದು ಮೌನವನ್ನೂ ಗಮನಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆಮೇಲೆ ಮನುಷ್ಯರು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವವರನ್ನೇ ಹುಡುಕಿ ಹಿಡಿಯುವ ಜ್ವರ ಅದು. ದಶಕಗಳ ಕಾಲ ಹಾಕುತ್ತಿದ್ದ ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ರೋಗ ಕಂಡು ಅರವತ್ತೈದು ವರ್ಷವಾದರೂ ಕೈಯಲ್ಲಿ ಒಳ್ಳೆಯ ಲಸಿಕೆ ಇರಲಿಲ್ಲ. ಸಕ್ಕರೆ ಕಾಯಿಲೆಗೆ ಮಾರುಕಟ್ಟೆ ಇದೆ, ಅದಕ್ಕೆ ಪೇಟೆಂಟುಗಳ ಸಾಲು. ದರಗು ಗುಡಿಸುವವಳ ಜ್ವರಕ್ಕೆ ಮಾರುಕಟ್ಟೆ ಇಲ್ಲ. ಬೇಲಿ ಹಾಕಿ ನಮ್ಮನ್ನು ಹೊರಗಿಡುವುದು ಒಂದು ಅನ್ಯಾಯ. ಬೇಲಿ ಹಾಕಲೂ ಲಾಯಕ್ಕಿಲ್ಲ ಅಂತ ನಮ್ಮ ರೋಗವನ್ನು ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಪೇಟೆಂಟಿನ ಕೊನೆಯಲ್ಲಿ ಹಕ್ಕೊತ್ತಾಯಗಳಿರುತ್ತವೆ ಅಂದೆವಲ್ಲ. ನಮ್ಮ ಮೆರವಣಿಗೆಗಳ ಕೊನೆಯಲ್ಲೂ ಇರುತ್ತವೆ. ಸಾರ್ವಜನಿಕ ಹಣದಲ್ಲಿ ಹುಟ್ಟಿದ ಪ್ರತಿ ವೈದ್ಯಕೀಯ ಪೇಟೆಂಟಿನ ಕರಾರನ್ನು ಕನ್ನಡದಲ್ಲಿ ಜನರ ಮುಂದಿಡಬೇಕು. ಸರ್ಕಾರಿ ಆಸ್ಪತ್ರೆಗೆ, ನಮ್ಮ ಕ್ಲಿನಿಕ್ಕಿಗೆ ಕೈಗೆಟುಕುವ ಬೆಲೆಯಲ್ಲಿ ಕೊಡಬೇಕೆಂಬ ಷರತ್ತು ಆ ಕರಾರಿನಲ್ಲಿ ಇರಲೇಬೇಕು. ಬಾಯಿಮಾತಿನ ಅರಿವಿನ ಪರವಾಗಿ ತಕರಾರು ಹಾಕಲು ಸರ್ಕಾರವೇ ವಕೀಲರನ್ನು ಇಡಬೇಕು. ಪೇಟೆಂಟಿನಿಂದ ಬಂದ ದುಡ್ಡಿನ ಒಂದು ಪಾಲು ಮಾರುಕಟ್ಟೆ ಇಲ್ಲದ ರೋಗಗಳ ಸಂಶೋಧನೆಗೆ ಹೋಗಬೇಕು.

ಇವು ಭಿಕ್ಷೆಯಲ್ಲ. ಆ ಪ್ರಯೋಗಾಲಯದ ನೆಲ ಗುಡಿಸಿದವರು, ಕಕ್ಕಸು ತೊಳೆದವರು, ಯಂತ್ರದ ಅಳತೆ ಸರಿಯೋ ತಪ್ಪೋ ಅಂತ ನೋಡಲು ತೋಳು ಚಾಚಿ ರಕ್ತ ಕೊಟ್ಟವರು, ಇವರಲ್ಲಿ ಒಬ್ಬರ ಹೆಸರೂ ಪೇಟೆಂಟಿನ ಮೊದಲ ಪುಟದಲ್ಲಿ ಇರುವುದಿಲ್ಲ. ಹೆಸರು ಬೇಡ. ಅವರ ಬೆರಳಿಗೂ ಆ ಸೂಜಿ ತಾಕಲಿ, ಅವರ ರಕ್ತದ ಲೆಕ್ಕವೂ ಅವರಿಗೆ ಸಿಗಲಿ. ಯಶವಂತಪುರದಿಂದ ಕೋಣನಕುಂಟೆಗೆ ಒಂದೇ ರೈಲು ಓಡುತ್ತೆ. ವಿದ್ಯೆ ಯಾಕೆ ಆ ದಾರಿಯಲ್ಲಿ ಬರಬಾರದು?