ಅಭ್ಯಾಸಕ್ಕೆ ಉದ್ಯಾಪನೆ ಇಲ್ಲ

21 ದಿನ ಬಿಡದೆ ಮಾಡಿದರೆ ಯಾವ ಅಭ್ಯಾಸವಾದರೂ ಮೈಗೂಡುತ್ತದೆ ಎಂಬ ಮಾತು ಯೋಗ ಶಿಬಿರಗಳಿಂದ ವಾಟ್ಸ್‌ಆಪ್ ಸಂದೇಶಗಳವರೆಗೆ ಶಾಸ್ತ್ರವಾಕ್ಯದಂತೆ ಓಡಾಡುತ್ತಿದೆ. ಈ ಮಾತು ತಪ್ಪು. ನಂಬಿದವರಿಗೆ ಅದರಿಂದ ಹಾನಿಯೂ ಆಗುತ್ತಿದೆ.

ಇದರ ಮೂಲ ಹುಡುಕಿದರೆ ಸಿಗುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಹೊರತಂದ ‘ಸೈಕೋ-ಸೈಬರ್ನೆಟಿಕ್ಸ್’. ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ದಾಟುತ್ತಾ ‘ಕಡಿಮೆಯೆಂದರೂ’ ಎಂಬುದು ಉದುರಿತು. ಮುಖದ ಮಾತು ಬೆಳಗಿನ ಓಟಕ್ಕೂ ಸಿಗರೇಟು ಬಿಡುವುದಕ್ಕೂ ಅಂಟಿಕೊಂಡಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಗಮನಿಸಿ, 2010ರಲ್ಲಿ ಅಚ್ಚಾದ ಲೇಖನದಲ್ಲಿ ಫಲಿತಾಂಶ ಕೊಟ್ಟರು. ಮಧ್ಯಾಹ್ನದ ಊಟಕ್ಕೆ ಹಣ್ಣು, ರಾತ್ರಿಯೂಟಕ್ಕೆ ಮುಂಚೆ ಕಾಲು ಗಂಟೆ ಓಟ, ಹೀಗೆ ಒಬ್ಬೊಬ್ಬರದು ಒಂದೊಂದು ಅಭ್ಯಾಸ. ಲೆಕ್ಕ ಚೆನ್ನಾಗಿ ಕೂಡಿಬಂದದ್ದು 39 ಜನರದು. ಅವರ ಮಧ್ಯದ ಅಂಕಿ 66 ದಿನ. ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾದೀತೆಂದು ಅಂದಾಜಾಯಿತು. ಹಾಗಾಗಿ 21ನ್ನು ಕೈಬಿಟ್ಟು ಈಗ 66ನ್ನು ಜಪಿಸುವವರದೂ ಅದೇ ತಪ್ಪು. ಆ ಅಧ್ಯಯನದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡ ಮಾತು ಬೇರೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ಹಾಗಿದ್ದೂ 21 ನಮಗೆ ಏಕೆ ಹಿಡಿಸುತ್ತದೆ? ಅದಕ್ಕೆ ವ್ರತದ ರೂಪವಿದೆ. ವ್ರತಕ್ಕೆ ಎಣಿಸಿದ ದಿನಗಳುಂಟು, ನಡುವೆ ತಪ್ಪಿದರೆ ಭಂಗವುಂಟು, ಮುಗಿದ ಮೇಲೆ ಉದ್ಯಾಪನೆಯುಂಟು. ಅಭ್ಯಾಸಕ್ಕೆ ಉದ್ಯಾಪನೆ ಎಲ್ಲಿದೆ? ಒಂಬತ್ತನೆಯ ದಿನ ಮಳೆಗೆ ಓಟ ತಪ್ಪಿದವನು ಎಲ್ಲ ಕೆಟ್ಟಿತೆಂದು ಕೈಚೆಲ್ಲುತ್ತಾನೆ. 22ನೆಯ ದಿನವೂ ಹಾಸಿಗೆ ಎಳೆದರೆ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ. ಕೆಟ್ಟ ಲೆಕ್ಕದ ಸೋಲನ್ನು ಸ್ವಭಾವದ ಸೋಲೆಂದು ಹೊರುತ್ತಾನೆ.

ಚಿಕ್ಕ ಗಡುವಿದ್ದರೆ ಹುರುಪು ಬರುತ್ತದೆ ಎನ್ನುವವರ ಮಾತು ಒಪ್ಪತಕ್ಕದ್ದೇ. ಆದರೆ ಆ ಹುರುಪು ಹೊರಡಿಸುತ್ತದೆ, ಕೊನೆತನಕ ನಡೆಸುವುದಿಲ್ಲ. ನಡೆಸಬೇಕಾದರೆ ಜಾಗ, ಹೊತ್ತು, ಎದುರಿಗಿರುವ ವಸ್ತು ನಮ್ಮ ಪರವಾಗಿರಬೇಕು. ವರ್ತನಾ ಮನೋವಿಜ್ಞಾನದ ಬಿ. ಎಫ್. ಸ್ಕಿನ್ನರ್ ತಮ್ಮ ಮೇಲೆಯೇ ಇದನ್ನು ನಡೆಸಿದರು. ಬರೆಯುವ ಮೇಜಿನ ದೀಪ ಹಾಕಿದರೆ ಗಡಿಯಾರವೂ ಓಡುವಂತೆ ಜೋಡಿಸಿ, ಬರೆದ ಹೊತ್ತನ್ನು ಗ್ರಾಫಿಗೆ ಏರಿಸುತ್ತಿದ್ದರು. ಅಷ್ಟು ದೊಡ್ಡ ವಿಜ್ಞಾನಿಯೂ ತಮ್ಮ ಸಂಕಲ್ಪವೊಂದನ್ನೇ ನಂಬಿ ಕೂರಲಿಲ್ಲ.

ನಮ್ಮಮ್ಮ ಬಿ.ಪಿ. ಮಾತ್ರೆ ಮರೆಯುತ್ತಿದ್ದರು. ಗದರಿದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆ. ಅವರು ಬೇಸರಪಟ್ಟುಕೊಂಡರು, ಮಾತ್ರೆ ಉಳಿಯುತ್ತಲೇ ಇತ್ತು. ಕೊನೆಗೆ ಡಬ್ಬಿಯನ್ನು ಕಾಫಿಪುಡಿಯ ಪಕ್ಕಕ್ಕೆ ಸರಿಸಿದೆವು. ಬೆಳಗ್ಗೆ ಡಿಕಾಕ್ಷನ್ ಹಾಕಲು ಹೋದ ಕೈಗೆ ಮಾತ್ರೆಯೂ ಸಿಗತೊಡಗಿತು. ಎಷ್ಟನೆಯ ದಿನಕ್ಕೆ ರೂಢಿಯಾಯಿತೆಂದು ನಾವು ಯಾರೂ ಎಣಿಸಲಿಲ್ಲ. ಊರಿಗೆ ಹೋದಾಗ ಎರಡು ದಿನ ತಪ್ಪಿತು. ಮನೆಗೆ ಬಂದ ಬೆಳಗ್ಗೆ ಕಾಫಿಯ ಜೊತೆಗೆ ಮತ್ತೆ ಶುರುವಾಯಿತು.